ಗೌಡರ ಗಾಡಿಯ ಗೊಣಗಾಟ

ಪಕ್ಕದ ಮನೆಯ ಗೌಡರ ಪಿಕಪ್ಪು ಬರುತ್ತಿದೆ ಅನ್ನುವುದು ನಮ್ಮ ಬೀದಿಯವರಿಗೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಮೂಲೆಯ ಹುಣಸೆಮರದ ತಿರುವಿನಲ್ಲಿ ‘ಗುಂಯ್ಯ್...’ ಎಂದು ರಾಗ ಎಳೆಯಲು ಶುರು. ಗೇಟಿನ ಮುಂದೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಾಡಿ ಒಳಗೆ ಹಾಕುವಷ್ಟರಲ್ಲಿ ಆ ರಾಗ ಏರಿ ಏರಿ, ಸ್ಟೇರಿಂಗು ಫುಲ್ ಕಟ್ ಆದಾಗ ‘ಗೊರ್ರ್’ ಎಂದು ಮುಗಿಯುತ್ತಿತ್ತು. ನಮ್ಮ ನಾಯಿ ಮೊದಮೊದಲು ಎದ್ದು ನಿಂತು ಬೊಗಳುತ್ತಿತ್ತು. ಆಮೇಲೆ ಅದಕ್ಕೂ ಸಾಕಾಗಿ, ಮಲಗಿದಲ್ಲೇ ಒಂದು ಕಿವಿ ಎತ್ತಿ ಮತ್ತೆ ಇಳಿಸಿಬಿಡುತ್ತಿತ್ತು.

ನಮ್ಮದು ತಿಪಟೂರು ಸೀಮೆ. ತೋಟ ಇದ್ದವರಿಗೆ ಇಲ್ಲಿ ಪಿಕಪ್ಪು ಬೇಕೇ ಬೇಕು. ಕೊಬ್ಬರಿ ಮೂಟೆ ಮಾರ್ಕೆಟ್ಟಿಗೆ ಹೋಗುವುದು ಅದರಲ್ಲೇ, ಹಿಂಡಿ-ಬೂಸಾ ಮನೆಗೆ ಬರುವುದು ಅದರಲ್ಲೇ, ಮದುವೆ ಬಂದರೆ ಹಂಡೆ-ಕೊಪ್ಪರಿಗೆಯ ಜೊತೆ ನೆಂಟರೂ ಹತ್ತಿ ಕೂರುವುದು ಅದರಲ್ಲೇ. ಇಷ್ಟೆಲ್ಲ ದುಡಿಯುವ ಗಾಡಿ ಬಾಯಿಬಿಟ್ಟು ಏನೋ ಹೇಳುತ್ತಿದ್ದರೆ ಕೇಳಿಸಿಕೊಳ್ಳುವವರೇ ಇಲ್ಲವಲ್ಲ ಅಂತ ನನಗೆ ಹೊಟ್ಟೆಯೊಳಗೆ ಸಂಕಟ. ಮೂವತ್ತು ಚಿಲ್ಲರೆ ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವನಿಗೆ ರಿಟೈರಾದ ಮೇಲೂ ಬಾಯಿ ಸುಮ್ಮನಿರುವುದಿಲ್ಲ. ಎರಡು ಮನೆಗಳ ನಡುವೆ ದಾಸವಾಳದ ಬೇಲಿ, ಅದರಲ್ಲಿ ಒಬ್ಬರು ತಲೆ ತೂರಿಸುವಷ್ಟು ಸಂದು. ಮಜ್ಜಿಗೆ, ಪೇಪರು, ರಾಜಕೀಯ ಎಲ್ಲ ದಾಟುವುದು ಅಲ್ಲಿಂದಲೇ.

“ಏನ್ ಗೌಡ್ರೇ, ಗಾಡಿ ಬಹಳ ಗೊಣಗ್ತಿದೆ?” ಅಂದೆ ಒಂದು ಸಂಜೆ.

“ವಯಸ್ಸಾಯ್ತಲ್ಲ ಮೇಷ್ಟ್ರೇ. ನಾವು ಗೊಣಗಲ್ವಾ?”

“ಸ್ಟೇರಿಂಗ್ ಆಯಿಲ್ ನೋಡಿದ್ರಾ?”

“ಅಯ್ಯೋ, ಹದಿನೈದು ದಿನಕ್ಕೊಂದ್ಸಲ ಹುಯ್ತಾನೇ ಇದೀನಿ. ಹುಯ್ದಾಗ ಎರಡು ದಿನ ಸುಮ್ನಿರ್ತದೆ. ಆಮೇಲೆ ಮತ್ತೆ ಶುರು. ಏನ್ಮಾಡೋದು, ಕುಡೀತದೆ.”

ಈ ‘ಕುಡೀತದೆ’ ಅನ್ನುವ ಮಾತು ಕೇಳಿದ ಮೇಲೆ ನಾನು ಬೇಲಿ ಬಿಟ್ಟು ಕದಲಲಿಲ್ಲ. ಎಂಜಿನ್ನು ಆಯಿಲ್ ಕುಡಿಯುತ್ತದೆ ಅಂದರೆ ಒಪ್ಪೋಣ. ಪಿಸ್ಟನ್ ರಿಂಗ್ ಸವೆದರೆ ಅದು ಆಯಿಲ್ ಸುಟ್ಟು ನೀಲಿ ಹೊಗೆ ಬಿಡುತ್ತದೆ. ಪವರ್ ಸ್ಟೇರಿಂಗಿನ ಆಯಿಲ್ಲಿಗೆ ಸುಟ್ಟುಹೋಗುವ ಜಾಗ ಎಲ್ಲಿದೆ? ಡಬ್ಬಿಯಿಂದ ಪಂಪಿಗೆ, ಪಂಪಿನಿಂದ ಪೈಪಿನ ಮೂಲಕ ಸ್ಟೇರಿಂಗ್ ಬಾಕ್ಸಿಗೆ, ಅಲ್ಲಿಂದ ವಾಪಸು ಡಬ್ಬಿಗೆ. ಅದರ ತಿರುಗಾಟ ಅಷ್ಟೇ. ಎಲ್ಲ ಸೇರಿಸಿದರೂ ಒಂದು ಲೀಟರಿನ ಆಸುಪಾಸು. ಸುತ್ತಿ ಸುತ್ತಿ ಕಪ್ಪಾದೀತು, ಸೀದ ವಾಸನೆ ಬಂದೀತು, ಆದರೆ ಅಳತೆ ಕಮ್ಮಿಯಾಗುವಂತಿಲ್ಲ. ಕಮ್ಮಿಯಾಯಿತು ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ.

“ಸೋರಿದ್ರೆ ನೆಲದ ಮೇಲೆ ಕಾಣ್ಬೇಕಲ್ಲ ಮೇಷ್ಟ್ರೇ?”

“ನಿಮ್ಮಂಗಳ ಮಣ್ಣು ಗೌಡ್ರೇ. ಕುಡೀತಿರೋದು ಅದು, ಗಾಡಿಯಲ್ಲ.”

ಗೌಡರು ತಲೆ ಕೆರೆದುಕೊಂಡರು. ಒಪ್ಪಿದರು ಅಂತಲ್ಲ, ಆದರೆ ಮನಸ್ಸಿಗೆ ಹುಳ ಬಿಟ್ಟುಕೊಂಡರು.

ನನಗೆ ಆಶ್ಚರ್ಯ ಏನೆಂದರೆ, ಗೌಡರ ಕಿವಿ ಸಾಮಾನ್ಯದ್ದಲ್ಲ. ವರ್ಷದ ಮಟ್ಟಿಗೆ ಅಟ್ಟದ ಮೇಲೆ ಒಣಗಿದ ಕಾಯನ್ನು ಕೆಳಗಿಳಿಸಿ ಕಿವಿಯ ಹತ್ತಿರ ಒಂದು ಸಲ ಅಲ್ಲಾಡಿಸಿದರೆ ಸಾಕು, ಗಿಟುಕು ಬಿಟ್ಟಿದೆಯೋ ಇನ್ನೂ ಚಿಪ್ಪಿಗೆ ಅಂಟಿಕೊಂಡಿದೆಯೋ ಹೇಳಿಬಿಡುತ್ತಾರೆ. ಸುಲಿಯುವ ಮೊದಲೇ ಒಳಗಿನ ಕಥೆ ಅವರಿಗೆ ಗೊತ್ತು. ಅಂಥವರು ಗಾಡಿ ಸದ್ದು ಮಾಡಿದಾಗ ಮಾಡಿದ ಮೊದಲನೇ ರಿಪೇರಿ ಏನು ಗೊತ್ತೇ? ಹಾಡಿನ ವಾಲ್ಯೂಮ್ ಏರಿಸಿದ್ದು. ಎರಡನೆಯದು, ಡಬ್ಬಿಗೆ ಆಯಿಲ್ ಹುಯ್ದು ಅದರ ಬಾಯಿ ಮುಚ್ಚಿಸಿದ್ದು. ನನ್ನನ್ನು ಕೇಳಿದರೆ ಎರಡೂ ಒಂದೇ. ದೂರು ಕೊಟ್ಟವನನ್ನು ಸುಮ್ಮನಾಗಿಸಿದರೆ ದೂರು ತೀರಿತೇ? ಊರಿನಲ್ಲಿ ಬಹಳ ಕಡೆ ನಡೆಯುವುದು ಹೀಗೇ ಇರಬಹುದು, ಆದರೆ ಸ್ಟೇರಿಂಗಿನ ವಿಷಯದಲ್ಲಿ ಅದು ನಡೆಯುವುದಿಲ್ಲ.

ಗಾಡಿಯ ಸದ್ದುಗಳಲ್ಲೂ ಜಾತಿ ಇದೆ. ಸ್ಟೇರಿಂಗ್ ತಿರುಗಿಸಿದಾಗ ಹೆಚ್ಚಾಗುವ, ಆಕ್ಸಲರೇಟರ್ ಒತ್ತಿದಷ್ಟೂ ಏರುವ ‘ಗುಂಯ್’ ಅನ್ನುವುದಿದೆಯಲ್ಲ, ಅದು ಪಂಪಿನದು. ಆಯಿಲ್ ಕಮ್ಮಿಯಾಗಿ ಪಂಪು ಗಾಳಿ ಎಳೆದುಕೊಳ್ಳುತ್ತಿದೆ ಅಂತ ಅದರ ಅರ್ಥ. ಎಳನೀರು ಮುಗಿಯುವ ಹೊತ್ತಿಗೆ ಸ್ಟ್ರಾ ‘ಗೊರ ಗೊರ’ ಅನ್ನುವುದಿಲ್ಲವೇ, ನೀರಿನ ಜೊತೆ ಗಾಳಿ ಸೇರಿದ್ದಕ್ಕೆ? ಇಲ್ಲಿ ಆಗುವುದೂ ಅದೇ. ಎಳನೀರಾದರೆ ಕಾಯಿ ಬಿಸಾಕಿ ಎದ್ದು ಹೋಗಬಹುದು. ಪಂಪಿಗೆ ಆ ಭಾಗ್ಯ ಇಲ್ಲ, ಎಂಜಿನ್ನು ತಿರುಗುವವರೆಗೂ ಬೆಲ್ಟು ಅದನ್ನು ತಿರುಗಿಸುತ್ತಲೇ ಇರುತ್ತದೆ. ಅದರ ಒಳಗಿನ ತಗಡಿನ ಎಸಳುಗಳು ಸವೆಯದಂತೆ ನೋಡಿಕೊಳ್ಳಬೇಕಾದದ್ದೂ ಅದೇ ಆಯಿಲ್ಲು. ಅದೇ ಇಲ್ಲ ಅಂದರೆ ಒಣ ಒಣದಾಗಿ ಉಜ್ಜಿಕೊಂಡು ಪಂಪು ಸಾಯುತ್ತದೆ.

ಇನ್ನೊಂದು ಸದ್ದು ‘ಕಿಂಯ್’ ಎಂದು ಕಿರಿಚುವುದು. ಮಳೆ ಬಂದ ಬೆಳಿಗ್ಗೆ ಸೆಲ್ಫ್ ಹೊಡೆದು ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬರುತ್ತದೆ. ಅದಕ್ಕೂ ಪಂಪಿಗೂ ಸಂಬಂಧ ಇಲ್ಲ, ಬೆಲ್ಟು ಸಡಿಲವಾಗಿ ಜಾರುತ್ತಿದೆ ಅಷ್ಟೇ. ಎಂಜಿನ್ ಓಡುವಾಗ ದೂರ ನಿಂತು ಬೆಲ್ಟಿನ ಮೇಲೆ ಒಂಚೂರು ನೀರು ಚಿಮುಕಿಸಿದರೆ ಕೂಗು ಬದಲಾಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಮೂರನೆಯದು, ಸ್ಟೇರಿಂಗು ಕೊನೆ ಮುಟ್ಟಿದಾಗ ಬರುವ ‘ಸುಯ್’. ಅದು ರೋಗವಲ್ಲ. ಒಳಗಿನ ಒತ್ತಡ ಮಿತಿ ಮೀರದಿರಲಿ ಅಂತ ಪಂಪಿನ ವಾಲ್ವು ತೆರೆದುಕೊಳ್ಳುವ ಸದ್ದು. ಆದರೆ ಆ ಸ್ಥಿತಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಸ್ಟೇರಿಂಗನ್ನು ಅದುಮಿ ಹಿಡಿಯಬಾರದು, ಆಯಿಲ್ಲು ಕಾದು ಹೋಗುತ್ತದೆ. ಗೌಡರಿಗೆ ಅದೊಂದು ಚಾಳಿ. ಫುಲ್ ಕಟ್ ಮಾಡಿ ಹಿಡಿದುಕೊಂಡೇ ಗೇಟಿನಾಚೆ ನಿಂತವರ ಜೊತೆ ಮಳೆ-ಬೆಳೆ ಮಾತಾಡುತ್ತಾರೆ. ಇನ್ನು ಗುಂಡಿಗೆ ಬಿದ್ದಾಗ ಬರುವ ‘ಕಟ ಕಟ’ ಟೈ ರಾಡ್ ಎಂಡಿನದೋ ಬಾಲ್ ಜಾಯಿಂಟಿನದೋ ಇರುತ್ತದೆ. ಅದಕ್ಕೆ ಕೊಡಗಟ್ಟಲೆ ಆಯಿಲ್ ಹುಯ್ದರೂ ಪ್ರಯೋಜನವಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಗೌಡರು ದಾಸವಾಳದ ಒಂದು ರೆಂಬೆಯ ಎಲೆಯನ್ನೆಲ್ಲ ಕಿತ್ತಿದ್ದರು.

“ಅಲ್ಲ ಮೇಷ್ಟ್ರೇ, ಇದಿಲ್ದಿದ್ದಾಗ ಗಾಡಿ ಓಡಿಸ್ತಿರ್ಲಿಲ್ವಾ? ನಮ್ಮಪ್ಪನ ಕಾಲದ ಲಾರಿಗೆ ಎಲ್ಲಿತ್ತು ಪವರ್ ಸ್ಟೇರಿಂಗು?”

ಓಡಿಸುತ್ತಿದ್ದರು, ನಿಜ. ಹಳೆಯ ಟಾಟಾ ಮರ್ಸಿಡಿಸ್ ಲಾರಿಗಳ ಸ್ಟೇರಿಂಗು ಅಷ್ಟಗಲ ಇದ್ದದ್ದು ಅದಕ್ಕೇ. ಚಕ್ರ ದೊಡ್ಡದಾದಷ್ಟೂ ತಿರುಗಿಸುವ ಬಲ ಕಮ್ಮಿ ಸಾಕು. ಆದರೂ ಲೋಡು ತುಂಬಿದ ಲಾರಿಯನ್ನು ನಿಂತ ಜಾಗದಲ್ಲಿ ತಿರುಗಿಸುವಾಗ ಡ್ರೈವರು ಸೀಟಿನಿಂದ ಅರ್ಧ ಎದ್ದು ಮೈಭಾರವನ್ನೆಲ್ಲ ಹಾಕುತ್ತಿದ್ದ. ಈ ಕಷ್ಟ ನೋಡಿಯೇ ಪವರ್ ಸ್ಟೇರಿಂಗು ಹುಟ್ಟಿದ್ದು. ಅಮೆರಿಕದಲ್ಲಿ ಪಿಯರ್ಸ್-ಆರೋ ಕಂಪನಿಯ ಲಾರಿ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್ ಅನ್ನುವಾತ ಆ ಕೆಲಸ ಬಿಟ್ಟು ಹೊರಬಂದು, ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ವ್ಯವಸ್ಥೆ ಮಾಡಿ 1926ರಲ್ಲಿ ತೋರಿಸಿದ. ಜನರಲ್ ಮೋಟರ್ಸ್ ಕಂಪನಿ ಅವನ ಜೊತೆ ಕೆಲಸ ಮಾಡಿತು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, ಖರ್ಚು ಜಾಸ್ತಿ ಅಂತ 1934ರಲ್ಲಿ ಕೈಬಿಟ್ಟರು. ಎರಡನೇ ಮಹಾಯುದ್ಧದಲ್ಲಿ ಮಿಲಿಟರಿಯ ಭಾರೀ ವಾಹನಗಳಿಗೆ ಅದು ಉಪಯೋಗಕ್ಕೆ ಬಂತು. ಜನ ಕೊಳ್ಳುವ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್‌ನಲ್ಲಿ. ಲಾರಿಯವನ ಕಷ್ಟಕ್ಕೆ ಹುಟ್ಟಿದ ಸುಖವನ್ನು ಮೊದಲು ದುಡ್ಡು ಕೊಟ್ಟು ಕೊಂಡವನು ಕಾರಿನ ಸಾಹುಕಾರ!

“ಬಿಡಿ, ಯಾವ ಸುಖ ತಾನೇ ಬಡವನ ಹಟ್ಟಿಗೆ ಮೊದಲು ಬಂದದೆ?” ಅಂದರು ಗೌಡರು.

ಪವರ್ ಸ್ಟೇರಿಂಗಿನ ಹಿಂದಿರುವುದು ನಾನು ಒಂಬತ್ತು-ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುತ್ತಿದ್ದ ಪ್ಯಾಸ್ಕಲ್ ನಿಯಮವೇ. ಮುಚ್ಚಿದ ಜಾಗದ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ. ಕಾರಿನ ಟಯರಿಗೆ ಹಾಕಿಸುವ ಗಾಳಿ 30-35 ಪಿಎಸ್‌ಐ. ಸ್ಟೇರಿಂಗು ಕೊನೆ ಮುಟ್ಟಿದಾಗ ಪಂಪಿನ ಪೈಪಿನಲ್ಲಿರುವ ಒತ್ತಡ ಸಾವಿರ ಪಿಎಸ್‌ಐ ದಾಟುತ್ತದೆ. ಅದಕ್ಕೇ ಎಂಜಿನ್ ಓಡುತ್ತಿರುವಾಗ ಸೋರುವ ಜಾಗವನ್ನು ಕೈಯಿಂದ ತಡಕಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಆಯಿಲ್ಲು ಚರ್ಮ ತೂರಿ ಒಳಗೆ ಹೋಗಬಲ್ಲದು. ಇದನ್ನು ಗೌಡರಿಗೆ ಎರಡು ಸಲ ಹೇಳಿದೆ. ಯಾಕೆಂದರೆ ಯಾವುದನ್ನೇ ಆಗಲಿ ಮುಟ್ಟಿಯೇ ನೋಡುವುದು ಅವರ ಜಾಯಮಾನ.

ಅಷ್ಟು ಹೊತ್ತಿಗೆ ಪೇಟೆಯ ಒಂದು ಗ್ಯಾರೇಜಿನವರು ಗಾಡಿ ನೋಡಿ, ಬಾನೆಟ್ ಎತ್ತಿ, ತಕ್ಷಣ ಇಳಿಸಿ, “ಪಂಪೂ ಹೋಗಿದೆ, ಬಾಕ್ಸೂ ಹೋಗಿದೆ, ಪೂರಾ ಅಸೆಂಬ್ಲಿ ಹಾಕ್ಬೇಕು” ಅಂದಿದ್ದರಂತೆ. ಗೌಡರು ರೇಟು ಕೇಳಿ ವಾಪಸು ಬಂದು ಆಯಿಲ್ಲು ಹುಯ್ಯುವುದಕ್ಕೇ ನಿಂತಿದ್ದರು. ನಮ್ಮಲ್ಲಿ ಇರುವುದು ಈ ಎರಡೇ ದಾರಿ. ಒಂದೋ ಏನೂ ಮಾಡದೆ ತಳ್ಳುವುದು, ಇಲ್ಲವೋ ಎಲ್ಲವನ್ನೂ ಬಿಚ್ಚಿ ಹೊಸದು ಹಾಕುವುದು. ನಡುವೆ ‘ಎಲ್ಲಿ ಸೋರುತ್ತಿದೆ ನೋಡೋಣ’ ಅನ್ನುವ ಮೂರನೇ ದಾರಿಯೊಂದಿದೆ. ದುಡ್ಡು ಕೇಳದ ದಾರಿಯಾದ್ದರಿಂದ ಯಾರಿಗೂ ಅದರ ಮೇಲೆ ನಂಬಿಕೆಯಿಲ್ಲ.

ಭಾನುವಾರ ಆ ದಾರಿಗೆ ಇಳಿದೆವು. ಎಂಜಿನ್ ತಣ್ಣಗಿತ್ತು. ಗೌಡರು ಹಳೇ ಪಂಚೆಯ ತುಂಡಿನಿಂದ ಡಬ್ಬಿ, ಪೈಪು, ಪಂಪು ಎಲ್ಲ ಒರೆಸಿದರು. ಮುಚ್ಚಳ ತಿರುಗಿಸಿ ತೆಗೆದರೆ ಅದಕ್ಕೇ ಅಂಟಿಕೊಂಡ ಪುಟ್ಟ ಕಡ್ಡಿ, ಅದರ ಮೇಲೆ ಕಮ್ಮಿ-ಜಾಸ್ತಿಯ ಎರಡು ಗೀಟು. ಆಯಿಲ್ಲು ಕೆಳಗಿನ ಗೀಟನ್ನೂ ಮುಟ್ಟಿರಲಿಲ್ಲ. ಗಾಡಿ ಐದು ನಿಮಿಷ ಓಡಿಸಿ ನಿಲ್ಲಿಸಿ ನೋಡಿದರೆ, ಕೆಂಪಗಿರಬೇಕಾದ ಆಯಿಲ್ಲು ನಸುಗೆಂಪು ನೊರೆಯಾಗಿ ಡಬ್ಬಿಯ ಗೋಡೆಗೆ ಹತ್ತಿತ್ತು. ಗಾಳಿ ಸೇರಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮೇಲಿನ ಗೀಟಿಗೆ ಬರುವಷ್ಟು ಹುಯ್ದು, ರಾತ್ರಿ ಗಾಡಿಯ ಕೆಳಗೆ ರಟ್ಟಿನ ಡಬ್ಬಿಯನ್ನು ಬಿಡಿಸಿ ಹಾಸಿದೆವು.

ಬೆಳಿಗ್ಗೆ ರಟ್ಟು ಎಳೆದರೆ ಗೌಡರಿಗೆ ಪಂಚಾಂಗ ಸಿಕ್ಕಿದಷ್ಟು ಖುಷಿ. ಎಂಜಿನ್ನಿನ ಕೆಳಗೆ ಒಂದು ಕಪ್ಪು ಚುಕ್ಕೆ, ಅದು ಎಂಜಿನ್ ಆಯಿಲ್ಲಿನ ಹಳೇ ಸಾಲ. ರೇಡಿಯೇಟರಿನ ಕೆಳಗೆ ಒಣ ರಟ್ಟು, ಸದ್ಯ ಕೂಲೆಂಟು ಭದ್ರ. ಸ್ಟೇರಿಂಗ್ ಪಂಪಿನ ನೇರಕ್ಕೆ ಮಾತ್ರ ರೂಪಾಯಿ ಅಗಲದ ಕೆಂಪು ಕಲೆ, ಅದರ ಸುತ್ತ ಇನ್ನೂ ಹಸಿ.

“ಕುಂಕುಮ ಇಟ್ಟಂಗಿದೆ!” ಅಂದರು ಗೌಡರು.

ಸೋರಿದಾಗ ಗೊತ್ತಾಗಲಿ ಅಂತಲೇ ಅದಕ್ಕೆ ಕೆಂಪು ಬಣ್ಣ ಬೆರೆಸುವುದು. ಬಹಳಷ್ಟು ಗಾಡಿಗಳ ಸ್ಟೇರಿಂಗಿಗೆ ಹಾಕುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಮಾಡಿದ ಇದೇ ಕೆಂಪು ಆಯಿಲ್ಲನ್ನು, ಗ್ಯಾರೇಜಿನಲ್ಲಿ ಎಟಿಎಫ್ ಅನ್ನುತ್ತಾರೆ. ಕೆಲವು ಗಾಡಿಗಳಿಗೆ ಹಸಿರು ಬಣ್ಣದ್ದು ಬರುತ್ತದೆ. ಯಾವುದು ಅನ್ನುವುದನ್ನು ಮುಚ್ಚಳದ ಮೇಲೋ ಗಾಡಿಯ ಪುಸ್ತಕದಲ್ಲೋ ನೋಡಿಯೇ ಹಾಕಬೇಕು, ಎರಡನ್ನು ಬೆರೆಸಬಾರದು.

“ನಮ್ಮನೇಲಿ ಎಣ್ಣೆಗೇನು ಬರ ಮೇಷ್ಟ್ರೇ? ಗಾಣದಿಂದ ಈಗ ತಾನೇ ಬಂದದೆ. ಕೊಬ್ಬರಿ ಎಣ್ಣೆನೇ ಹುಯ್ದ್ರೆ ಹೆಂಗೆ?”

“ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ ಗೌಡ್ರೇ. ಧನುರ್ಮಾಸದಲ್ಲಿ ನಿಮ್ಮ ಬಚ್ಚಲುಮನೆ ಬಾಟ್ಲೀಲಿ ಏನಾಗುತ್ತೆ? ಬೆಳಿಗ್ಗೆ ಪೂಜೆಗೆ ಮುಂಚೆ ಸ್ಟೇರಿಂಗನ್ನ ಬಿಸಿಲಿಗಿಟ್ಟು ಕರಗಿಸ್ಬೇಕಾಗುತ್ತೆ.”

ಇದನ್ನು ನಗುವುದಕ್ಕೆ ಹೇಳಿದ್ದಾದರೂ ಎಣ್ಣೆಯ ಚರಿತ್ರೆ ಇನ್ನೂ ವಿಚಿತ್ರವಾಗಿದೆ. 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಈ ಗೇರ್‌ಬಾಕ್ಸ್ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ತಿಮಿಂಗಿಲಗಳನ್ನು ಉಳಿಸಲು ಕಾನೂನು ಬಂದ ಮೇಲೆ ಬೇರೆ ಮಸಾಲೆ ಹುಡುಕಿಕೊಂಡರು. ಇನ್ನು ಕೆಲವರು ಮಾಡುವ ಅನಾಹುತವೊಂದಿದೆ, ಕೈಗೆ ಸಿಕ್ಕಿದ ಬ್ರೇಕ್ ಆಯಿಲ್ಲನ್ನೇ ಸ್ಟೇರಿಂಗಿಗೆ ಹುಯ್ಯುವುದು. ಬ್ರೇಕ್ ಆಯಿಲ್ಲು ಬೇರೆಯೇ ಜಾತಿ, ಸ್ಟೇರಿಂಗಿನ ರಬ್ಬರ್ ಸೀಲುಗಳನ್ನು ಊದಿಸಿ ಮೆತ್ತಗೆ ಮಾಡಿ ಹಾಳುಮಾಡುತ್ತದೆ. ಸ್ಟೇರಿಂಗ್ ಆಯಿಲ್ಲನ್ನು ಬ್ರೇಕಿಗೆ ಹುಯ್ದರಂತೂ ಬ್ರೇಕಿನ ರಬ್ಬರ್ ಕೆಟ್ಟು ಪ್ರಾಣಕ್ಕೇ ಕುತ್ತು. ಹಾಗೆಯೇ ಸೋರಿಕೆ ನಿಲ್ಲಿಸುವ ಬಾಟ್ಲಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಒಣಗಿದ ಸೀಲನ್ನು ಸ್ವಲ್ಪ ಉಬ್ಬಿಸಿ ಕೆಲವು ದಿನ ತಳ್ಳಿಸುತ್ತದೆ, ಒಡೆದ ಪೈಪಿಗೆ ಅದರಿಂದ ಏನೂ ಆಗದು.

ನಮ್ಮ ಬೀದಿ ಕೊನೆಯ ಮೇಸ್ತ್ರಿಯನ್ನು ಕರೆದು ರಟ್ಟು ತೋರಿಸಿದೆವು. ಆತ ಮಾತು ಕಮ್ಮಿ. ಕಲೆಯ ನೇರಕ್ಕೆ ಟಾರ್ಚು ಬಿಟ್ಟು, ಕೆಳಗಿನಿಂದ ಮೇಲಕ್ಕೆ ಒದ್ದೆ ಎಲ್ಲಿಂದ ಶುರುವಾಗಿದೆ ಅಂತ ಹುಡುಕಿದ. ಆಯಿಲ್ಲು ಕೆಳಕ್ಕೇ ಇಳಿಯುವುದರಿಂದ ತುತ್ತತುದಿಯ ಒದ್ದೆಯೇ ಸೋರುವ ಜಾಗ. ಡಬ್ಬಿಗೆ ವಾಪಸು ಬರುವ ರಬ್ಬರ್ ಹೋಸಿನ ತುದಿಯಲ್ಲಿ, ಕ್ಲಾಂಪಿನ ಅಂಚಿಗೆ ಧೂಳು ಕಲಸಿಕೊಂಡು ಕಪ್ಪು ಅಂಟಾಗಿತ್ತು. ಅದನ್ನು ಉಗುರಿನಿಂದ ಕೆರೆದು ಹೋಸನ್ನು ಮಡಿಸಿ ತೋರಿಸಿದ. ಬಿಸಿಗೆ ಕಾದು ಕಾದು ರಬ್ಬರು ಸುಕ್ಕು ಸುಕ್ಕಾಗಿ ಸೀಳು ಬಿಟ್ಟಿತ್ತು. ಯಾವ ಕಾಲದಲ್ಲೋ ಯಾರೋ ಕ್ಲಾಂಪನ್ನು ಜೋರಾಗಿ ಬಿಗಿದು ಕೊಯ್ದಿದ್ದ ಗುರುತೂ ಇತ್ತು.

“ಪಂಪು?” ಅಂದರು ಗೌಡರು, ಉಸಿರು ಹಿಡಿದು.

“ಮೊದ್ಲು ಪೈಪ್ ಹಾಕಿ ಏರ್ ತೆಗ್ಯಣ. ಸದ್ದು ಉಳಿದ್ರೆ ಆಮೇಲ್ ಪಂಪು.”

ಎಂಥಾ ಮಾತು! ಹೆಚ್ಚು ಓದಿದವರ ಬಾಯಿಂದಲೂ ಈ ಕ್ರಮ ಬರುವುದು ಅಪರೂಪ. ಹೊಸ ಹೋಸು ತರುವಾಗಲೂ ಆತ ಆಯಿಲ್ಲಿಗೆ ಅಂತಲೇ ಮಾಡಿದ್ದನ್ನು ಕೇಳಿ ತಂದ, ನೀರಿನ ಪೈಪು ಹಾಕಿದರೆ ಆಯಿಲ್ಲಿಗೆ ಉಬ್ಬಿ ಬಿರಿಯುತ್ತದೆ. ಡಬ್ಬಿಯ ತಳದ ಜಾಳಿಗೆಯನ್ನೂ ತೊಳೆದ. ಅದು ಕಟ್ಟಿಕೊಂಡರೂ ಪಂಪು ಹಸಿದು ಕೂಗುತ್ತದಂತೆ.

ಏರ್ ತೆಗೆಯುವುದನ್ನು ನೋಡಲು ಬೀದಿಯ ಮಕ್ಕಳೆಲ್ಲ ಸೇರಿದರು. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದಿನ ಎರಡು ಗಾಲಿಯನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದ್ದಾಯಿತು. ಎಂಜಿನ್ ಆಫ್. ಗೌಡರು ಸೀಟಿನಲ್ಲಿ, ಮೇಸ್ತ್ರಿ ಡಬ್ಬಿಯ ಹತ್ತಿರ. “ಎಡಕ್ಕೆ ಪೂರ್ತಿ... ನಿಧಾನ... ಬಲಕ್ಕೆ ಪೂರ್ತಿ...” ಪ್ರತಿ ಸಲ ತಿರುಗಿಸಿದಾಗಲೂ ಡಬ್ಬಿಯಲ್ಲಿ ಗುಳುಗುಳು ಗುಳ್ಳೆ ಏಳುತ್ತಿತ್ತು, ಮಟ್ಟ ಇಳಿಯುತ್ತಿತ್ತು, ಆತ ಒಂದಿಷ್ಟು ಹುಯ್ಯುತ್ತಿದ್ದ. ಗುಳ್ಳೆ ನಿಲ್ಲುವವರೆಗೂ ಇದೇ. ಗೌಡರ ಬೆವರು ಇಳಿಯಿತು. ಅವರಪ್ಪನ ಕಾಲದ ಲಾರಿಯ ವಿಷಯ ಆಮೇಲೆ ಅವರು ಎತ್ತಲಿಲ್ಲ. ಕೊನೆಗೆ ಸೆಲ್ಫ್ ಹೊಡೆಸಿ ಮತ್ತೆ ನಾಲ್ಕಾರು ಸಲ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಮೊದಲು ಒಂಚೂರು ‘ಗುಂಯ್’ ಎಂದಿತು, ಆಮೇಲೆ ಬರಿಯ ಎಂಜಿನ್ ಸದ್ದು. ಡಬ್ಬಿಯೊಳಗೆ ನೊರೆ ಹೋಗಿ ತಿಳಿಗೆಂಪು ಬಣ್ಣ. ಪಂಪು ಬದುಕಿತ್ತು. ಅಸೆಂಬ್ಲಿಯ ಸಾವಿರಾರು ರೂಪಾಯಿ ಗೌಡರ ಜೇಬಿನಲ್ಲೇ ಉಳಿಯಿತು.

“ಇದು ನಡುದಾರೀಲಿ ಕೈಕೊಟ್ಟಿದ್ರೆ?” ಅಂತ ಅವರಿಗೆ ಆಗ ಭಯ ಹತ್ತಿತು. ಪವರ್ ಹೋದರೂ ಸ್ಟೇರಿಂಗು ಪೂರ್ತಿ ಹಿಡಿದುಕೊಳ್ಳುವುದಿಲ್ಲ, ಚಕ್ರಕ್ಕೂ ಕೈಗೂ ಕಬ್ಬಿಣದ ಸಂಬಂಧ ಇದ್ದೇ ಇರುತ್ತದೆ. ಆದರೆ ಒಮ್ಮೆಗೇ ಕಲ್ಲಿನಷ್ಟು ಭಾರ. ತಿರುವಿನಲ್ಲಿ, ಲೋಡಿನಲ್ಲಿ, ಗೊತ್ತಿಲ್ಲದವನ ಕೈಯಲ್ಲಿ ಆ ಒಂದು ಕ್ಷಣವೇ ಸಾಕು. ಅದೂ ಅಲ್ಲದೆ ಸೋರಿದ ಆಯಿಲ್ಲು ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಹೊಗೆ, ಹೆಚ್ಚಾದರೆ ಬೆಂಕಿ.

“ನನ್ನ ಮಗನ ಕಾರಿಗೆ ಇದ್ಯಾವ್ದೂ ಇಲ್ಲವಂತೆ. ಕರೆಂಟಿನ ಸ್ಟೇರಿಂಗು.”

“1988ರಲ್ಲೇ ಸುಜುಕಿಯವರು ಜಪಾನಿನಲ್ಲಿ ಒಂದು ಪುಟ್ಟ ಕಾರಿಗೆ ಅದನ್ನ ಹಾಕಿದ್ರು. ಮೋಟರೇ ತಿರುಗಿಸುತ್ತೆ, ಆಯಿಲ್ಲೂ ಇಲ್ಲ, ಸೋರೋದೂ ಇಲ್ಲ. ನಿಮ್ಮದರಲ್ಲಿ ಆಯಿಲ್ ಇದೆ, ಅದಕ್ಕೆ ಒಂದೇ ಲೆಕ್ಕ. ಸೋರದೆ ಕಮ್ಮಿಯಾಗೋದಿಲ್ಲ. ಕಮ್ಮಿಯಾಯ್ತಾ, ಹುಯ್ಯೋಕೆ ಮುಂಚೆ ಎಲ್ಲಿ ಹೋಯ್ತು ಅಂತ ಕೇಳಿ.”

ನಾನು ಇದನ್ನು ಸ್ವಲ್ಪ ಜೋರಾಗಿಯೇ ಹೇಳಿರಬೇಕು, ಕ್ಲಾಸಿನ ಅಭ್ಯಾಸ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಗೌಡರ ಮನೆಯವರು ಕೈ ಒರೆಸಿಕೊಂಡು ಬೇಲಿಯ ಹತ್ತಿರ ಬಂದರು.

“ಬಾಳ ಚೆಂದಾಗಿ ಹೇಳಿದ್ರಿ ಮೇಷ್ಟ್ರೇ. ಸೋರದೆ ಕಮ್ಮಿಯಾಗಕಿಲ್ಲ ಅಂತ. ಹಂಗಾದ್ರೆ ಹೋದ ಸಲ ಕೊಬ್ಬರಿ ಮಾರಿದ್ ದುಡ್ಡು ಪೆಟ್ಟಿಗೇಲಿ ಅರ್ಧಕ್ಕರ್ಧ ಇಳ್ದದೆ. ಅದೆಲ್ಲಿ ಸೋರ್ತದೆ ಅಂತ ಇವರನ್ನ ನೀವೇ ಒಂದ್ ಮಾತು ಕೇಳಿ.”

ಗೌಡರು ನನ್ನ ಮುಖ ನೋಡಿದರು. ಎದ್ದು ಹೋಗಿ ಗಾಡಿ ಸ್ಟಾರ್ಟ್ ಮಾಡಿ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರು. ಮೊದಲಾಗಿದ್ದರೆ ಆ ಗುಂಯ್‌ಗುಟ್ಟುವಿಕೆಯಲ್ಲಿ ಏನೂ ಕೇಳಿಸಲಿಲ್ಲ ಅಂದುಬಿಡಬಹುದಿತ್ತು. ಈಗ ಗಾಡಿ ತೆಪ್ಪಗಿತ್ತು.

“ರಟ್ಟು ಹಾಸ್ಲಾ?” ಅಂದರು ಆಕೆ.